ಅಶ್ವಿನಿಯ ಅಕ್ಷರಪುಟ

ಲಿಂಗಸುಗೂರಿನ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಪುಟವೇನೋ ತೆರೆದುಕೊಂಡಿತು. ಮೇಲೆ ಸ್ವರಗಳ ಸಾಲು, ಅದರ ಕೆಳಗೆ ಕ ಖ ಗ ಘ, ಚ ಛ ಜ ಝ, ಎಲ್ಲವೂ ಸರಿಯಾಗಿಯೇ ಮೂಡಿದವು. ಆದರೆ ಮೊದಲ ಸಾಲಿನ ಮೇಲಿದ್ದ ಹಳದಿ ಚೌಕ ಕದಲಲಿಲ್ಲ. ಅದು ತಾನಾಗಿಯೇ ಸಾಲಿನಿಂದ ಸಾಲಿಗೆ ಇಳಿಯುತ್ತ ಹೋಗಬೇಕಿತ್ತು. ಸಂಗನಬಸವ ಪುಟವನ್ನು ಮುಚ್ಚಿ ಮತ್ತೆ ತೆರೆದ. ಪೆನ್‌ಡ್ರೈವ್ ಕಿತ್ತು ಮತ್ತೆ ಚುಚ್ಚಿದ. ಚೌಕ ಇದ್ದಲ್ಲೇ ಇತ್ತು.

ಅವನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಮಗಳು ಅಶ್ವಿನಿ ಪರದೆಯನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷದ ಅವಳಿಗೆ ಹುಟ್ಟುವಾಗಲೇ ಮೆದುಳಿಗೆ ಉಸಿರು ಸಾಲದೆ ಕೈಕಾಲು ಹಿಡಿತಕ್ಕೆ ಸಿಗುತ್ತಿರಲಿಲ್ಲ, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಕಿವಿ ಚುರುಕು, ಬುದ್ಧಿ ಇನ್ನೂ ಚುರುಕು. ಹೌದು ಎನ್ನಲು ಕಣ್ಣು ಮೇಲೆತ್ತುತ್ತಿದ್ದಳು, ಇಲ್ಲ ಎನ್ನಲು ಕೆಳಗಿಳಿಸುತ್ತಿದ್ದಳು. ಅದಕ್ಕಿಂತ ಹೆಚ್ಚಿನದೇನನ್ನಾದರೂ ಹೇಳಬೇಕಾದರೆ ಅವಳಿಗಿದ್ದದ್ದು ಆ ಪುಟವೊಂದೇ.

ಅದನ್ನು ಮಾಡಿದವನು ಸಂಗನಬಸವನೇ. ಮಸ್ಕಿಯಲ್ಲಿ ಅಪ್ಪನ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿಯಲ್ಲಿ ಕೂರುವ ಮೊದಲು ಅವನು ರಾಯಚೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದ. ಮಗಳಿಗೆ ಆರು ತುಂಬಿದಾಗ ಮನೆಗೊಂದು ಕಂಪ್ಯೂಟರ್ ತಂದು, ಕಲಿತದ್ದನ್ನೆಲ್ಲ ನೆನಪಿಸಿಕೊಂಡು ಆ ಪುಟ ಬರೆದ. ಚೌಕ ಬೇಕಾದ ಸಾಲಿಗೆ ಬಂದಾಗ ಅವಳು ಮೊಣಕೈಯಿಂದ ಗುಂಡಿ ಒತ್ತಬೇಕು. ಆಗ ಚೌಕ ಆ ಸಾಲಿನ ಅಕ್ಷರಗಳ ಮೇಲೆ ಒಂದೊಂದಾಗಿ ಸರಿಯುತ್ತದೆ. ಬೇಕಾದ ಅಕ್ಷರ ಬಂದಾಗ ಇನ್ನೊಮ್ಮೆ ಒತ್ತಿದರೆ ಅದು ಕೆಳಗಿನ ಜಾಗಕ್ಕೆ ಹೋಗಿ ಕೂರುತ್ತದೆ. ಗುಂಡಿ ಎಂದರೆ ಮನೆಬಾಗಿಲ ಗಂಟೆಯದು. ಅದನ್ನು ಮೌಸ್‌ನ ಹೊಟ್ಟೆಯ ತಂತಿಗೆ ಬೆಸೆದು ಕುರ್ಚಿಯ ತೋಳಿಗೆ ಕಟ್ಟಿದ್ದ. ಅಶ್ವಿನಿ ಓದು ಬರಹ ಕಲಿತದ್ದು, ಅವ್ವನ ಜೊತೆ ಜಗಳ ಆಡಿದ್ದು, ಎಲ್ಲವೂ ಅದರಲ್ಲೇ.

ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವನು ಬಂದು ಬಗ್ಗಿ ನೋಡಿದ. "ಇದು ಹಳೇ ಬ್ರೌಸರಿಗೆ ಬರದದ್ದು ಐತ್ರಿ. ಆ ಬ್ರೌಸರ್ ಈಗ ಇಲ್ಲ. ಹೊಸದು ಅಕ್ಷರ ತೋರಸತೈತಿ, ಆದ್ರ ಒಳಗ ಬರದ ಹುಕುಂ ಅದಕ್ಕ ತಿಳಿಯಂಗಿಲ್ಲ."

ಪ್ರಾಚಾರ್ಯ ಬಸವಂತರಾಯರು ಬಾಗಿಲಲ್ಲಿ ನಿಂತಿದ್ದರು. ದ್ವಿತೀಯ ಪಿಯುಸಿ ಪರೀಕ್ಷೆಗೆ ಅಶ್ವಿನಿ ಖಾಸಗಿಯಾಗಿ ಕಟ್ಟಿದ್ದಳು, ಕೇಂದ್ರ ಅವರದು. ಕಂಪ್ಯೂಟರಿನಲ್ಲಿ ಬರೆಯಲು ಅವಳಿಗೆ ಅನುಮತಿ ಸಿಕ್ಕಿತ್ತು.

"ನಮ್ಮ ಮನೀ ಕಂಪ್ಯೂಟರ್ ತಂದು ಇಡ್ತೀನ್ರಿ" ಎಂದ ಸಂಗನಬಸವ. "ಅದರಾಗ ಎಲ್ಲಾ ಸರಿ ಐತಿ."

"ಆಗಂಗಿಲ್ರಿ. ಯಂತ್ರ ನಮ್ಮದ ಇರಬೇಕು, ಪುಟ ಅಷ್ಟ ನಿಮ್ಮದು. ಅನುಮತಿ ಹಂಗ ಕೊಟ್ಟಾರ." ಬಸವಂತರಾಯರು ಒರಟಾಗಿ ಹೇಳಲಿಲ್ಲ. "ನೀವು ಚಿಂತಿ ಮಾಡಬ್ಯಾಡ್ರಿ, ಬರಿಯಾಕ ಒಬ್ಬ ಹುಡುಗಿನ್ನ ಕೊಡ್ತೀವಿ. ಹತ್ತನೇತ್ತ ಪರೀಕ್ಷಾದಾಗೂ ಹಂಗ ಬರದಾಳಲ್ಲ."

ಅಶ್ವಿನಿ ಕಣ್ಣು ಕೆಳಗಿಳಿಸಿದಳು. ಯಾರೂ ಗಮನಿಸಲಿಲ್ಲವೆಂದು ಕತ್ತೆತ್ತಿ, ಕಣ್ಣನ್ನು ಮತ್ತೆ ಇಳಿಸಿದಳು. ತಾಯಿ ಶೈಲಜಾ ಹೇಳಿದಳು, "ಬ್ಯಾಡ ಅನ್ನಾಕತ್ತಾಳ್ರಿ."

ಹತ್ತನೆಯ ತರಗತಿಯ ಪರೀಕ್ಷೆಯನ್ನು ಅವಳು ಮರೆತಿರಲಿಲ್ಲ. ಬರೆಯಲು ಕೂತಿದ್ದ ಹುಡುಗಿ ಒಳ್ಳೆಯವಳು. ಇದು ಬರೆಯಲೇ, ಅದು ಬರೆಯಲೇ ಎಂದು ಕೇಳುತ್ತಿದ್ದಳು. ಅಶ್ವಿನಿ ಕಣ್ಣೆತ್ತಿದರೆ ತನಗೆ ತಿಳಿದಂತೆ ವಾಕ್ಯ ಮಾಡಿ ಬರೆಯುತ್ತಿದ್ದಳು. ಪಾಸಾದ ಸುದ್ದಿ ಬಂದ ದಿನ ಮನೆಯಲ್ಲಿ ಪೇಡೆ ಹಂಚಿದರು. ಅಶ್ವಿನಿ ಮಾತ್ರ ಬಾಯಿಗಿಟ್ಟದ್ದನ್ನು ಉಗುಳಿ, ಪುಟದ ಮುಂದೆ ಕೂತು ಬರೆದಿದ್ದಳು: "ಆ ಉತ್ತರ ನಂದಲ್ಲ."

* * *

ಪಕ್ಕದ ಮನೆಯ ಹುಸ್ನಾ ಸಿಂಧನೂರಿನ ಕಾಲೇಜಿನಲ್ಲಿ ಬಿಸಿಎ ಓದುತ್ತಿದ್ದಳು. ಅಶ್ವಿನಿಯ ವಯಸ್ಸಿನವಳು, ಚಿಕ್ಕಂದಿನಿಂದ ಜೊತೆಗಾತಿ. ಸಂಗತಿ ತಿಳಿದು, "ನಮ್ಮ ಭಾರತಿ ಮೇಡಂ ಹಂತೇಕ ಹೋಗೂಣ" ಎಂದಳು. ಆ ಶನಿವಾರ ಬಾಡಿಗೆಗೆ ಟಂಟಂ ಆಟೊ ಮಾಡಿಕೊಂಡು ನಾಲ್ವರೂ ಸಿಂಧನೂರಿಗೆ ಹೋದರು.

ಭಾರತಿ ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕಿ. ಸಿಂಧನೂರಿನವಳೇ. ಮಾತು ಕಡಿಮೆ, ಆಡಿದರೆ ನೇರ. ಪುಟದ ಒಳಗಿನ ಬರಹವನ್ನು ತೆರೆದು ಮೇಲಿಂದ ಕೆಳಗಿನವರೆಗೆ ಓದಿದಳು.

"ವಿಬಿಸ್ಕ್ರಿಪ್ಟ್. ನಾ ಇದನ್ನ ನೋಡಿ ಭಾಳ ವರ್ಷ ಆತು. ಹಳೇ ಒಂದು ಬ್ರೌಸರಿಗೆ ಮಾತ್ರ ತಿಳೀತಿದ್ದ ಭಾಷಾ ಇದು. ಆ ಬ್ರೌಸರ್ ನಿವೃತ್ತಿ ಆಗೈತಿ."

"ಏನೂ ಮಾಡಾಕ ಬರಂಗಿಲ್ಲೇನ್ರಿ?" ಎಂದ ಸಂಗನಬಸವ.

"ಬರತೈತಿ. ಹೊಸ ಬ್ರೌಸರಿನಾಗ ಹಳೇ ಪುಟಗಳಿಗಂತ ಒಂದು ವ್ಯವಸ್ಥಾ ಇಟ್ಟಾರ. ತೋರಸ್ತೀನಿ ಇರ್ರಿ."

ಅವಳು ಯಾವುದೋ ಪಟ್ಟಿ ತೆರೆದು ಪುಟದ ಹೆಸರು ಸೇರಿಸಿ ಮತ್ತೆ ಶುರು ಮಾಡಿದಳು. ಹಳದಿ ಚೌಕ ಮೊದಲ ಸಾಲಿನಿಂದ ಎರಡನೆಯದಕ್ಕೆ ಇಳಿಯಿತು, ಅಲ್ಲಿಂದ ಮೂರನೆಯದಕ್ಕೆ. ಸಂಗನಬಸವ ಎದ್ದೇ ಬಿಟ್ಟ.

"ಇಷ್ಟ ಸಾಕ್ರಿ ಮೇಡಂ. ಇದನ್ನ ಲಿಂಗಸುಗೂರಿನವರಿಗೆ ಹೇಳಿಬಿಡ್ರಿ, ಪರೀಕ್ಷಾ ಮುಗೀತೈತಿ."

"ಹೇಳ್ತೀನಿ, ಆದ್ರ ಒಂದು ಮಾತು. ಇದು ತಾತ್ಕಾಲಿಕ. ಈ ವ್ಯವಸ್ಥಾ ಇನ್ನ ಕೆಲವು ವರ್ಷ ಇರತೈತಿ ಅಂತ ಕಂಪನಿಯವರ ಹೇಳ್ಯಾರ. ಆ ಭಾಷಾನೂ ಕಂಪ್ಯೂಟರಿನಿಂದ ತಗಿತೀವಿ ಅಂದಾರ. ಹಳೇದರಾಗ ಕಳ್ಳರು ಒಳಗ ಬರೂ ದಾರಿ ಭಾಳ ಅದಾವು, ಅದಕ್ಕ. ಒಂದಿನ ಅಪ್‌ಡೇಟ್ ಬರತೈತಿ, ಮರುದಿನ ಈ ಚೌಕ ನಿಂತಿರತೈತಿ."

ಅಶ್ವಿನಿಯ ಗಂಟಲಿನಿಂದ ಒಂದು ಸದ್ದು ಬಂತು. ತಾನು ಮಾತಾಡಬೇಕು ಎನ್ನುವಾಗ ಅವಳು ಮಾಡುವ ಸದ್ದು ಅದು. ಹುಸ್ನಾ ಗುಂಡಿಯ ತಂತಿಯನ್ನು ಭಾರತಿಯ ಕಂಪ್ಯೂಟರಿಗೆ ಚುಚ್ಚಿದಳು. ಅಶ್ವಿನಿ ಬರೆಯತೊಡಗಿದಳು. ಒಂದೊಂದು ಅಕ್ಷರಕ್ಕೂ ಚೌಕ ಇಳಿಯುವುದನ್ನು ಕಾಯಬೇಕು, ಸರಿಯುವುದನ್ನು ಕಾಯಬೇಕು. ಭಾರತಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು, ನಡುವೆ ಬಾಯಿ ಹಾಕಲಿಲ್ಲ.

"ನನಗ ಇಪ್ಪತ್ತು ವರ್ಷ. ನಿವೃತ್ತಿ ಆಗೂದು ಬ್ರೌಸರ್. ನಾ ಅಲ್ಲ."

ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಒತ್ತಿದಳು. "ಹೊಸದು ಬೇಕು. ಎಲ್ಲಿ ಹೋದರೂ ನಡಿಯೂದು."

ಭಾರತಿ ಅದನ್ನು ಓದಿ ಸಂಗನಬಸವನ ಕಡೆ ತಿರುಗಿದಳು. "ಜಾವಾಸ್ಕ್ರಿಪ್ಟಿನಾಗ ಬರೀರಿ. ಎಲ್ಲಾ ಬ್ರೌಸರಿಗೂ ತಿಳಿತೈತಿ, ಫೋನಿನಾಗೂ ನಡಿತೈತಿ."

"ನೀವ ಬರದ್ ಕೊಡ್ರಲ್ಲ."

"ನಾ ಬರದ್ರ ನಾಳೆ ಕೆಟ್ಟಾಗ ನನ್ನ ಹುಡುಕಿಕೊಂಡು ಬರಬೇಕಾಗತೈತಿ. ನೀವ ಬರೀರಿ, ನಾ ಕಲಸ್ತೀನಿ. ಪ್ರತಿ ಶನಿವಾರ ಬರ್ರಿ. ನಡುವ ಹುಸ್ನಾ ಅದಾಳ."

* * *

ಸಂಗನಬಸವ ಮನೆಗೆ ಬಂದು ಪೆನ್‌ಡ್ರೈವನ್ನು ಕಪಾಟಿನಲ್ಲಿಟ್ಟ. ಮರುದಿನ ಅಂಗಡಿಗೆ ಹೋದ, ಬಂದ, ಉಂಡ. ಹೊಸ ಪುಟದ ಸುದ್ದಿ ತೆಗೆಯಲಿಲ್ಲ. ಮೂರನೆಯ ದಿನ ಶೈಲಜಾ ರೊಟ್ಟಿ ಬಡಿಸುತ್ತ ಕೇಳಿದಳು.

"ಯಾಕ ಸಿಟ್ಟಾಗೀರಿ?"

"ಸಿಟ್ಟೇನಿಲ್ಲ. ಹದಿನಾಲ್ಕು ವರ್ಷ ನಡದೈತಿ ಅದು. ಒಂದಿನಾ ಕೈ ಕೊಟ್ಟಿಲ್ಲ. ಈಗ ಒಮ್ಮಿಗೇ ಬ್ಯಾಡಾತು."

"ಆಕಿ ನಿಮ್ಮ ಪುಟ ಬ್ಯಾಡ ಅಂದಿಲ್ಲ. ಮಾತು ಬೇಕು ಅಂದಾಳ. ಎರಡೂ ಒಂದ ಅಂತ ತಿಳಕೊಂಡೀರಿ ನೀವು."

ಅವನು ಜೀವನದಲ್ಲಿ ತಾನೇ ಯೋಚಿಸಿ, ತಾನೇ ಮಾಡಿದ್ದು ಎಂದು ಹೇಳಿಕೊಳ್ಳಬಹುದಾದದ್ದು ಆ ಪುಟವೊಂದೇ. ಅಂಗಡಿ ಅಪ್ಪನದು. ಮನೆಗೆ ಬಂದ ನೆಂಟರಿಗೆಲ್ಲ ಅವನು ಮೊದಲು ತೋರಿಸುತ್ತಿದ್ದದ್ದು ಹಳದಿ ಚೌಕವನ್ನು. ಅದನ್ನು ಬಿಚ್ಚಿ ಬೇರೆ ಮಾಡು ಎಂದರೆ, ಮಾಡಿದ್ದು ಸಾಲದು ಎಂದಂತೆ ಅವನಿಗೆ ಕೇಳಿಸಿತ್ತು.

ಆದರೂ ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋಗುವಾಗ ಹುಸ್ನಾಳ ಹಳೆಯ ಲ್ಯಾಪ್‌ಟಾಪನ್ನು ಕೇಳಿ ತೆಗೆದುಕೊಂಡು ಹೋದ. ಗಲ್ಲಾದ ಪಕ್ಕ ಅದನ್ನಿಟ್ಟು ತನ್ನ ಹಳೆಯ ಬರಹವನ್ನು ತೆರೆದ. ಕಡಲೆಗೆ ಹುಳ ಬಿದ್ದಾವು, ಯಾವ ಎಣ್ಣಿ ಹೊಡೀಲಿ ಎಂದು ಕೇಳಿ ಬಂದವರಿಗೆ ಡಬ್ಬಿ ಕೊಟ್ಟು ಕಳಿಸಿ ಮತ್ತೆ ಓದಿದ. ತಾನೇ ಬರೆದದ್ದು ಯಾರೋ ಬರೆದಂತಿತ್ತು. ಒಂದೊಂದೇ ಸಾಲನ್ನು ಹೊಸ ಭಾಷೆಗೆ ತರಲು ಕೂತ. ಸಂಜೆ ಕಾಲೇಜಿನ ಬಸ್ಸಿಳಿದ ಹುಸ್ನಾ ಅಂಗಡಿಗೆ ಬಂದು ತಪ್ಪು ತೋರಿಸುತ್ತಿದ್ದಳು.

"ಅಂಕಲ್, ಇಲ್ಲಿ ದೊಡ್ಡ ಅಕ್ಷರ ಸಣ್ಣ ಅಕ್ಷರ ಬ್ಯಾರೆ ಬ್ಯಾರೆ. ಹಳೇದರಾಗ ಹೆಂಗ ಬರದ್ರೂ ನಡೀತಿತ್ತು, ಇದರಾಗ ನಡಿಯಂಗಿಲ್ಲ."

"ಇದು ಭಾಳ ಶಿಸ್ತಿಂದು ಐತಲ್ಲವಾ."

ಮೊದಲ ದಿನಗಳಲ್ಲಿ ಚೌಕ ಕೊನೆಯ ಸಾಲಿಗೆ ಬಂದು ಅಲ್ಲಿಂದ ಪುಟದ ಆಚೆ ಎಲ್ಲೋ ಹೋಗಿ ಮಾಯವಾಗುತ್ತಿತ್ತು. ಅದು ಸರಿಹೋದ ಮೇಲೆ ಎರಡು ಚೌಕ ಒಟ್ಟಿಗೆ ಓಡಾಡತೊಡಗಿದವು. ಅಶ್ವಿನಿ ಅದನ್ನು ನೋಡಿ ಮೈಯೆಲ್ಲ ಅಲುಗುವಂತೆ ನಕ್ಕಳು. ಸಂಗನಬಸವನಿಗೂ ನಗು ಬಂತು. ಅಂಗಡಿಯಲ್ಲಿ ಕೂತಾಗ ಯಾರಾದರೂ ಕರೆದರೆ ಅವನಿಗೆ ಈಗ ಒಂದೇ ಸಲಕ್ಕೆ ಕೇಳಿಸುತ್ತಿರಲಿಲ್ಲ.

ಒಂದು ಶನಿವಾರ ಸಿಂಧನೂರಿನಲ್ಲಿ ಭಾರತಿ ಹಳೆಯ ಬರಹದ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದೇನ್ರಿ? ಒಮ್ಮೆ ಒತ್ತಿದ ಮ್ಯಾಲ ಸ್ವಲ್ಪ ಹೊತ್ತಿನ ತನಕ ಇನ್ನೊಂದು ಒತ್ತಿದ್ದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ ಇದು."

"ಹೌದ್ರಿ. ಆವಾಗ ಸಣ್ಣಾಕಿ, ಕೈ ನಡುಗತಿತ್ತು. ಒಮ್ಮೆ ಒತ್ತಾಕ ಹೋಗಿ ಮೂರು ಸಲ ಒತ್ತತಿದ್ಲು. ಅದಕ್ಕ ಹಾಕಿದ್ದೆ."

"ಈಗೂ ನಡುಗತೈತೇನು?"

ಸಂಗನಬಸವ ಮಗಳ ಕಡೆ ನೋಡಿದ. ಅಶ್ವಿನಿ ಆಗಲೇ ಗುಂಡಿ ಒತ್ತತೊಡಗಿದ್ದಳು. "ಈಗ ನಡುಗಂಗಿಲ್ಲ. ಬೇಗ ಒತ್ತಿದ್ರ ಅದು ಕೇಳಂಗಿಲ್ಲ. ನಾ ಕಾಯ್ತೀನಿ."

ಎಷ್ಟೋ ಸಲ ಅವಳು ಒತ್ತಿದ ಅಕ್ಷರ ಬೀಳದೆ ಹೋದಾಗ ಅವನು ಪಕ್ಕದಲ್ಲಿ ನಿಂತು "ಕೈ ತಪ್ಪಿತು, ಇನ್ನೊಮ್ಮೆ ಒತ್ತವ್ವಾ" ಎಂದಿದ್ದ. ಕೈ ತಪ್ಪಿರಲಿಲ್ಲ. ಅವಳು ಬೆಳೆದಿದ್ದಳು, ಪುಟ ಬೆಳೆದಿರಲಿಲ್ಲ.

"ನೀ ಯಾಕ ಹೇಳಲಿಲ್ಲ?" ಎಂದು ಕೇಳಿದ.

"ಎಲ್ಲಾ ಪುಟ ಹಿಂಗ ಇರತಾವು ಅಂದಕೊಂಡಿದ್ದೆ."

ಅವನು ಹೊಸ ಬರಹದಲ್ಲಿ ಆ ಸಾಲನ್ನು ಬಿಟ್ಟ. ಆಮೇಲೆ ಅವನಾಗಿಯೇ ಮಗಳನ್ನು ಕೇಳತೊಡಗಿದ: ಚೌಕ ಎಷ್ಟು ಜೋರಾಗಿ ಇಳಿಯಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ತಪ್ಪು ಅಕ್ಷರ ಅಳಿಸುವ ಗುಂಡಿ ಎಲ್ಲಿರಬೇಕು. ಅವಳಿಗೆ ಎಲ್ಲದಕ್ಕೂ ಉತ್ತರ ಇತ್ತು. ವರ್ಷಗಟ್ಟಲೆ ಯಾರೂ ಕೇಳಿರಲಿಲ್ಲ, ಅಷ್ಟೇ.

* * *

ಜನವರಿ ಮುಗಿಯುವ ಹೊತ್ತಿಗೆ ಹೊಸ ಪುಟ ಸಿದ್ಧವಾಯಿತು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮತ್ತೆ ಲಿಂಗಸುಗೂರಿಗೆ ಹೋದರು. ಅದೇ ಕೋಣೆ, ಅದೇ ಕಂಪ್ಯೂಟರ್. ಪುಟ ತೆರೆದ ಕೂಡಲೇ ಚೌಕ ಇಳಿಯಿತು. ಅಶ್ವಿನಿ ತನ್ನ ಹೆಸರು ಬರೆದು ತೋರಿಸಿದಳು.

ಬಸವಂತರಾಯರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ಇನ್ನೊಂದೇನರ ಬರೀವಾ. ಇತಿಹಾಸದ್ದು ಒಂದು ವಾಕ್ಯ."

ಅವಳು ಬರೆಯತೊಡಗಿದಳು. ಪುಟದ ಬದಿಯಲ್ಲಿ ಒಂದು ಸಣ್ಣ ಪಟ್ಟಿ ಇತ್ತು. ಎರಡು ಅಕ್ಷರ ಬಿದ್ದ ಕೂಡಲೇ ಆ ಎರಡರಿಂದ ಶುರುವಾಗುವ ಪದಗಳನ್ನು ಅದು ತೋರಿಸುತ್ತಿತ್ತು. ಹಳೆಯ ಪುಟದಲ್ಲೂ ಅದು ಇತ್ತು. ಅವಳು ವೇಗವಾಗಿ ಬರೆಯುತ್ತಿದ್ದದ್ದೇ ಅದರಿಂದ. ಬಸವಂತರಾಯರು ಆ ಪಟ್ಟಿಯನ್ನೇ ನೋಡುತ್ತ ನಿಂತರು.

"ಇದು ಬರಂಗಿಲ್ರಿ" ಎಂದರು. "ಅಶೋ ಅಂತ ಬರದ್ರ ಅಶೋಕ, ಅಶೋಕನ ಶಾಸನ ಅಂತ ತಾನ ತೋರಸಾಕತ್ತೈತಿ. ಬ್ಯಾರೆ ಮಕ್ಕಳಿಗೆ ಹಿಂಗ ಯಾರೂ ತೋರಸಂಗಿಲ್ಲ."

ಸಂಗನಬಸವ ಎದ್ದು ನಿಂತ. "ಸರ್, ಬ್ಯಾರೆ ಮಕ್ಕಳು ಕೈಯಾಗ ಪೆನ್ ಹಿಡದು ಬರೀತಾರ. ಈಕಿ ಒಂದು ಅಕ್ಷರಕ್ಕ ಎಷ್ಟು ಕಷ್ಟ ಪಡತಾಳ ನೋಡೀರಿ."

"ನೋಡೀನಿ. ಅದಕ್ಕ ಹೆಚ್ಚಿನ ಟೈಮ್ ಕೊಟ್ಟಾರ. ನಾಳೆ ಯಾರರ ತಕರಾರು ತಗದ್ರ ಈಕಿ ಬರದದ್ದೆಲ್ಲಾ ರದ್ದಾಗತೈತಿ. ಅದು ಆಗಬಾರ್ದು ಅಂತ ಹೇಳಾಕತ್ತೀನಿ."

ಸಂಗನಬಸವ ಇನ್ನೇನೋ ಹೇಳುವುದರಲ್ಲಿದ್ದ. ಪರದೆಯ ಮೇಲೆ ಅಕ್ಷರ ಬೀಳುವುದನ್ನು ಕಂಡು ತಡೆದ. ಅಶ್ವಿನಿ ಬರೆದದ್ದು ಇಷ್ಟು: "ಸರ್ ಹೇಳೂದು ಖರೆ. ತಗದುಬಿಡು."

ಹೊರಗೆ ಬೇವಿನ ನೆರಳಿನಲ್ಲಿ ಟಂಟಂಗೆ ಕಾಯುವಾಗ ಶೈಲಜಾ ಅತ್ತಳು. ಪದಗಳ ಪಟ್ಟಿ ಇಲ್ಲದೆ ಒಂದು ಪತ್ರಿಕೆ ಮುಗಿಸಲು ಹೆಚ್ಚಿನ ಹೊತ್ತು ಸಹ ಸಾಲುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. "ಬರಿಯಾಕ ಹುಡುಗಿನ್ನ ತಗೊಳ್ಳೂಣವಾ ಅಶ್ವಿನಿ" ಎಂದಳು. ಅಶ್ವಿನಿ ಕಣ್ಣು ಕೆಳಗಿಳಿಸಿದಳು. ಅವಳ ಮುಖದಲ್ಲಿ ಅಳು ಇರಲಿಲ್ಲ, ಏನೋ ಲೆಕ್ಕ ಹಾಕುತ್ತಿರುವಂತಿತ್ತು.

ಮನೆಗೆ ಬಂದವಳೇ ಗಂಟಲ ಸದ್ದು ಮಾಡಿ, ತನ್ನನ್ನು ಪುಟದ ಮುಂದೆ ಕೂರಿಸುವಂತೆ ಮಾಡಿದಳು.

"ಅಪ್ಪಾ, ನ ಎಲ್ಲೈತಿ?"

"ತವರ್ಗದಾಗ. ಸ್ವರದ ಕೆಳಗ ನಾಕನೇ ಸಾಲು, ಕಡೀ ಅಕ್ಷರ."

"ಎಲ್ಲಾಕಿಂತ ಹೆಚ್ಚು ನಾ ಒತ್ತೂದು ನ, ರ, ದ, ತ, ಲ. ಎಲ್ಲಾ ದೂರ ಅದಾವು. ಮೊದಲನೇ ಸಾಲಿಗೆ ತಗೊಂಡು ಬಾ."

ಸಂಗನಬಸವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಪ್ಪಲು ಮನಸ್ಸಾಗಲಿಲ್ಲ. "ಅಂದ್ರ ಅಕ್ಷರಮಾಲಿ ಮುರೀಬೇಕೇನು? ಕ ಖ ಗ ಬಿಟ್ಟು ನ ಮೊದಲು? ನಿನಗ ಅಕ್ಷರ ಕಲಸಿದ್ದ ಆ ಸಾಲಿನ ಮ್ಯಾಲ."

"ಕಲಿಯೂದು ಮುಗೀತು. ಈಗ ಬರೀಬೇಕು."

ಹುಸ್ನಾ ಅವಳ ಹಿಂದೆ ನಿಂತು ಓದಿದಳು. "ಅಂಕಲ್, ಈ ಕೀಲಿಮಣಿ ನೋಡ್ರಿ, ಇದರಾಗ ಎಲ್ಲೈತಿ ಎ ಬಿ ಸಿ ಡಿ? ಬರಿಯವರ ಕೈಗೆ ಹೆಂಗ ಬೇಕೋ ಹಂಗ ಇಟ್ಟಾರ."

ಅಂದು ಮಧ್ಯಾಹ್ನ ಅಂಗಡಿ ತೆರೆಯಲಿಲ್ಲ. ಅಶ್ವಿನಿ ಹೇಳಿದಳು, ಸಂಗನಬಸವ ಬರೆದುಕೊಂಡ. ಮಹಾಪ್ರಾಣಗಳೆಲ್ಲ ಕೆಳಗೆ ಹೋದವು. ಙ ಮತ್ತು ಞ ಕೊನೆಯ ಮೂಲೆಗೆ. ಒತ್ತಕ್ಷರದ ಗುರುತು ಮೇಲೆ ಬಂತು. ಸ್ವರಚಿಹ್ನೆಗಳಲ್ಲಿ ಇ, ಉ, ಆ ಮೊದಲು. ಅವಳಿಗೆ ಇದನ್ನೆಲ್ಲ ಯಾರೂ ಲೆಕ್ಕ ಹಾಕಿ ಕೊಟ್ಟಿರಲಿಲ್ಲ. ಕಾದು ಕಾದು ಮೊಣಕೈಗೇ ಗೊತ್ತಾಗಿತ್ತು. ಸಂಗನಬಸವ ಕಡೆಗೊಮ್ಮೆ ಆ ಹೊಸ ಕ್ರಮವನ್ನು ನೋಡಿ, "ನೋಡಾಕ ಚೆಂದಿಲ್ಲ" ಎಂದ. ಆದರೂ ಹಾಗೆಯೇ ಬರೆದ.

ಕಷ್ಟ ಶುರುವಾದದ್ದು ಆಮೇಲೆ. ಹದಿನಾಲ್ಕು ವರ್ಷ ಒಂದು ಕ್ರಮಕ್ಕೆ ಒಗ್ಗಿದ ಮೈ ಹೊಸ ಕ್ರಮಕ್ಕೆ ಬಗ್ಗಲಿಲ್ಲ. ಅವಳು ಒತ್ತಿದಾಗ ಹಳೆಯ ಜಾಗದಲ್ಲಿದ್ದ ಅಕ್ಷರಕ್ಕಾಗಿ ಒತ್ತುತ್ತಿದ್ದಳು, ಬೀಳುತ್ತಿದ್ದದ್ದು ಬೇರೆ. ಮೊದಲ ವಾರ ಅವಳ ವಾಕ್ಯಗಳನ್ನು ಯಾರಿಗೂ ಓದಲಾಗಲಿಲ್ಲ. ಸಿಟ್ಟು ಬಂದು ತಲೆಯನ್ನು ಕುರ್ಚಿಗೆ ಬಡಿದುಕೊಂಡಳು. ಹಳೆಯ ಕ್ರಮಕ್ಕೇ ಹೋಗೋಣವೇ ಎಂದು ಸಂಗನಬಸವ ಕೇಳಿದ. ಅವಳು ಕಣ್ಣು ಕೆಳಗಿಳಿಸಿ ಮತ್ತೆ ಗುಂಡಿಗೆ ಮೊಣಕೈ ಊರಿದಳು. ಬೆಳಿಗ್ಗೆ ಅವ್ವ ಗಂಜಿ ಕುಡಿಸಿದ ಮೇಲೆ ಕೂತರೆ ಬಿಸಿಲು ಮಸ್ಕಿಯ ಗುಡ್ಡದ ಆಚೆ ಇಳಿಯುವವರೆಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು. ಮೊಣಕೈ ಕೆಂಪಾಗಿ ಸಿಪ್ಪೆ ಎದ್ದಿತು. ಶೈಲಜಾ ಹಳೆಯ ಸೀರೆಯ ಮೆತ್ತನೆಯ ಬಟ್ಟೆ ಮಡಚಿ ಗುಂಡಿಯ ಸುತ್ತ ಹೊಲಿದಳು. ಅಡುಗೆಮನೆಯಿಂದ ಆಗಾಗ ಬಂದು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು.

ಎರಡನೆಯ ವಾರ ತಪ್ಪು ಕಡಿಮೆಯಾದವು. ಮೂರನೆಯ ವಾರ ಹುಸ್ನಾ ಕಾಲೇಜಿನಿಂದ ಬಂದಾಗ ಅಶ್ವಿನಿ ಒಂದು ಪ್ರಬಂಧ ಮುಗಿಸಿ ಅವಳಿಗಾಗಿ ಕಾಯುತ್ತಿದ್ದಳು. ಹುಸ್ನಾ ಜೋರಾಗಿ ಓದಿದಳು. ನಡುವೆ ಎಲ್ಲೂ ತಡೆಯಲಿಲ್ಲ.

* * *

ಪರೀಕ್ಷೆಯ ದಿನ ಅಶ್ವಿನಿಗೆ ಬೇರೆ ಕೋಣೆ ಕೊಟ್ಟಿದ್ದರು. ಶೈಲಜಾ ಹೊರಗೆ ಜಗಲಿಯಲ್ಲಿ ಕೂರಬೇಕು. ಒಳಗೆ ಒಬ್ಬ ಮೇಲ್ವಿಚಾರಕಿ ಮಾತ್ರ. ಇಂಟರ್ನೆಟ್ ತಂತಿ ಕಿತ್ತಿದ್ದರು. ಬಸವಂತರಾಯರು ತಾವೇ ಪೆನ್‌ಡ್ರೈವ್ ನೋಡಿ, ಪುಟ ತೆರೆದು, ಬದಿಯ ಪಟ್ಟಿ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಹೋಗುವಾಗ "ಶಾಂತ ಬರೀವಾ" ಎಂದರು.

ಕನ್ನಡದ ಪತ್ರಿಕೆ ಚೆನ್ನಾಗಿ ಹೋಯಿತು. ಇತಿಹಾಸದ ದಿನ ನಡುವೆ ಅವಳ ಮೈ ಬಿಗಿಯಿತು. ಹೆಚ್ಚು ಹೊತ್ತು ಕೂತಾಗ ಹಾಗಾಗುವುದುಂಟು, ಕಾಲು ಚಾಚಿ ನೆಟ್ಟಗಾಗುತ್ತವೆ, ಕತ್ತು ಹಿಂದಕ್ಕೆ ಸೆಳೆಯುತ್ತದೆ. ಮೇಲ್ವಿಚಾರಕಿ ಗಾಬರಿಯಾಗಿ ಬಾಗಿಲು ತೆರೆದು ಕೂಗಿದಳು. ಶೈಲಜಾ ಓಡಿ ಬಂದು ಮಗಳ ಬೆನ್ನಿಗೆ ಕೈಯಿಟ್ಟು ನಿಂತಳು.

"ದವಾಖಾನಿಗೆ ಕರಕೊಂಡು ಹೋಗ್ರಿ. ಪತ್ರಿಕಾ ಇಲ್ಲಿಗೇ ಮುಗಸ್ತೀವಿ" ಎಂದಳು ಮೇಲ್ವಿಚಾರಕಿ.

"ಒಂದೀಟು ತಡೀರಿ ಮೇಡಂ. ಇದು ತಾನ ಇಳೀತೈತಿ. ಆಕೀನ್ನ ಕೇಳ್ರಿ."

ಅಶ್ವಿನಿಯ ಮೊಣಕೈ ಗುಂಡಿಗಾಗಿ ಹುಡುಕುತ್ತಿತ್ತು. ಶೈಲಜಾ ತೋಳು ಹಿಡಿಯಲು ಹೋಗಿ ತಡೆದುಕೊಂಡಳು. ಮುಟ್ಟಿದರೆ ತಾನು ಬರೆಸಿದಂತಾಗುತ್ತದೆ. ಸ್ವಲ್ಪ ಹೊತ್ತಿಗೆ ಬಿಗಿ ಸಡಿಲವಾಯಿತು. ಮೊಣಕೈ ಬಟ್ಟೆಯ ಮೇಲೆ ಕೂತಿತು. ಉತ್ತರದ ನಡುವೆಯೇ ಅವಳು ಬರೆದಳು: "ಹೊರಗೆ ಹೋಗಿ ಅವ್ವಾ. ಬರೆಯುತ್ತೇನೆ."

ಮನೆಯಲ್ಲಾಗಿದ್ದರೆ ಹೋಗು ಎನ್ನುತ್ತಿದ್ದಳು. ಪರೀಕ್ಷೆಯ ಹಾಳೆಯಲ್ಲಿ ಹೋಗಿ ಎಂದಿದ್ದಳು. ಶೈಲಜಾ ಮೇಲ್ವಿಚಾರಕಿಯ ಮುಖ ನೋಡಿದಳು. ಆಕೆ ತಲೆಯಾಡಿಸಿದಳು. ಅಶ್ವಿನಿ ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿ ಮುಂದುವರಿದಳು.

ಅರ್ಥಶಾಸ್ತ್ರದ ದಿನ ಸಮಯ ಸಾಲಲಿಲ್ಲ. ಅಂಕಿಗಳ ಸಾಲು ಕೆಳಗಿತ್ತು, ಲೆಕ್ಕದ ಪ್ರಶ್ನೆಗಳು ಹೆಚ್ಚಿದ್ದವು. ಗಂಟೆ ಹೊಡೆದಾಗ ಚೌಕ ಇನ್ನೂ ಇಳಿಯುತ್ತಲೇ ಇತ್ತು. ಸಂಗನಬಸವ ಮನೆಗೆ ಬಂದು ಅದನ್ನೇ ಹೇಳಿಕೊಂಡು ಕೊರಗಿದ, ಅಂಕಿಗಳನ್ನು ಮೇಲಿಡಬೇಕಿತ್ತು ಎಂದ. ಅಶ್ವಿನಿ ಬರೆದಳು: "ನಾನೂ ನೆನಸಲಿಲ್ಲ. ಈಗ ಇಡು."

ಫಲಿತಾಂಶ ಬಂತು. ಅರ್ಥಶಾಸ್ತ್ರ ಬಿಟ್ಟು ಎಲ್ಲದರಲ್ಲೂ ಪಾಸು. ನೆಂಟರಲ್ಲಿ ಕೆಲವರು, ಇಷ್ಟು ಮಾಡಿದ್ದೇ ದೊಡ್ಡದು, ಇನ್ನು ಆ ಹುಡುಗಿಯನ್ನು ದಣಿಸಬೇಡಿ ಎಂದರು. ಸಂಗನಬಸವ ಅವರಿಗೆ ಚಹಾ ಕುಡಿಸಿ ಕಳಿಸಿದ. ಅಷ್ಟರಲ್ಲಿ ಅಂಕಿಗಳು ಮೇಲಿನ ಸಾಲಿಗೆ ಬಂದಾಗಿತ್ತು. ಪೂರಕ ಪರೀಕ್ಷೆಯಲ್ಲಿ ಅವಳು ಆ ಒಂದು ಪತ್ರಿಕೆಯನ್ನು ಮತ್ತೆ ಬರೆದು ಪಾಸಾದಳು. ಈ ಸಲ ಪೇಡೆಯನ್ನು ಅವ್ವ ಚಮಚದಲ್ಲಿ ಕಿವುಚಿ ಬಾಯಿಗಿಟ್ಟಾಗ ಉಗುಳಲಿಲ್ಲ.

ಪುಟದ ಸುದ್ದಿ ಹುಸ್ನಾಳ ಕಾಲೇಜಿನಿಂದ ಅಲ್ಲಿಲ್ಲಿ ಹಬ್ಬಿತು. ಗುರುಗುಂಟಾದಿಂದ ಅಂಬಮ್ಮ ಎಂಬ ತಾಯಿ ಅಶ್ವಿನಿಯಂತೆಯೇ ಮಾತು ಹೊರಡದ ತನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಬಸ್ಸಿನಲ್ಲಿ ಅಂಗಡಿಗೇ ಬಂದಳು. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಒಂದು ಫೋನಿತ್ತು. ಸಂಗನಬಸವ ಪುಟವನ್ನು ಫೋನಿಗೆ ಹಾಕಿ, ಗುಂಡಿಯನ್ನು ಅದಕ್ಕೆ ಜೋಡಿಸುವುದನ್ನು ತೋರಿಸಿದ. ಆ ಮಗುವಿಗಾಗಿ ಅಕ್ಷರಗಳನ್ನು ಅ ಆ ಇ ಈ ಕ್ರಮದಲ್ಲೇ ಇಟ್ಟುಕೊಟ್ಟ.

ಮಳೆಗಾಲ ಶುರುವಾದ ಮೇಲೆ ಭಾರತಿ ತನ್ನ ತರಗತಿಗೆ ಅಶ್ವಿನಿಯನ್ನು ಕರೆಸಿದಳು. ಹುಡುಗ ಹುಡುಗಿಯರು ತುಂಬಿದ್ದರು. ಗೋಡೆಯ ಮೇಲೆ ಪುಟ ದೊಡ್ಡದಾಗಿ ಮೂಡಿತ್ತು. ಸಂಗನಬಸವ ಪುಟವನ್ನು ಬರೆದದ್ದು, ಮತ್ತೆ ಬರೆದದ್ದು ಎರಡನ್ನೂ ಹೇಳಿದ, ನಡುವೆ ಎರಡು ಚೌಕ ಓಡಾಡಿದ್ದನ್ನೂ ಬಿಡದೆ ಹೇಳಿದ. ಕೊನೆಗೆ ಮುಂದಿನ ಬೆಂಚಿನ ಒಬ್ಬ ಹುಡುಗ ಎದ್ದ.

"ಅಕ್ಕಾ, ಮುಂದ ಜಾವಾಸ್ಕ್ರಿಪ್ಟೂ ಹಳೇದಾಗತೈತಿ. ಬ್ರೌಸರಿನವರು ಅದನ್ನೂ ಬಿಟ್ಟ್ರ ಏನ ಮಾಡ್ತೀರಿ?"

ಸಂಗನಬಸವ ಬಾಯಿ ತೆರೆದ, ಭಾರತಿ ಅವನ ತೋಳು ಮುಟ್ಟಿದಳು. ಅಶ್ವಿನಿಯ ಮೊಣಕೈ ಗುಂಡಿಯ ಮೇಲಿತ್ತು. ಗೋಡೆಯ ಮೇಲೆ ಚೌಕ ಇಳಿಯಿತು, ಸರಿಯಿತು, ಒಂದು ಅಕ್ಷರ ಬಿತ್ತು. ಮೊದಮೊದಲು ಹಿಂದಿನ ಬೆಂಚುಗಳಲ್ಲಿ ಪಿಸುಮಾತು ಕೇಳಿಸಿತು, ಯಾರೋ ಫೋನ್ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರೇ ಗೋಡೆಯ ಕಡೆ ತಿರುಗಿ, ಮುಂದಿನ ಅಕ್ಷರ ಯಾವುದಿರಬಹುದು ಎಂದು ನೋಡತೊಡಗಿದರು. ಅಶ್ವಿನಿ ಅವಸರ ಮಾಡಲಿಲ್ಲ.

"ಮತ್ತ ಬರೀತೀವಿ. ಅಪ್ಪಗ ಈಗ ರೂಢಿ ಆಗೈತಿ. ನಾನೂ ಕಲಿಯಾಕತ್ತೀನಿ. ನೀವು ಬ್ರೌಸರ್ ಮಾಡೂ ಕಂಪನಿಗೆ ನೌಕರಿಗೆ ಹೋದ್ರ, ಬಂದ್ ಮಾಡೂ ಮೊದಲ ನನಗೊಂದು ಮಾತು ಹೇಳ್ರಿ."

ತರಗತಿ ನಕ್ಕಿತು, ಹುಡುಗನೂ ನಕ್ಕು ಕೂತ. ಅಶ್ವಿನಿ ಮಾತ್ರ ನಗದೆ ಮುಂದಿನ ಪ್ರಶ್ನೆ ಯಾರದು ಎಂದು ಸಾಲುಗಳ ಮೇಲೆ ಕಣ್ಣಾಡಿಸಿದಳು. ಹಿಂದಿನ ಬೆಂಚಿನಲ್ಲಿ ಒಬ್ಬಳು ಕೈಯೆತ್ತಿದ್ದಳು.